ಗಾಲಿಯ ಮೇಲಿನ ಮನೆ

2023ರ ಜನವರಿಯಲ್ಲಿ ಅರಿಜೋನಾದ ಕ್ವಾರ್ಟ್ಜ್‌ಸೈಟ್ ಮರುಭೂಮಿಯಲ್ಲಿ ಮಗಳ ಮನೆಯಲ್ಲಿದ್ದೆ. ಮನೆಯೆಂದರೆ ಆರ್.ವಿ.; ಗಾಲಿಯ ಮೇಲಿನದು. ಮಗಳು, ನಾಯಿ, ಬೆಕ್ಕು ವರ್ಷವಿಡೀ ಅದರಲ್ಲೇ. ಊರಲ್ಲಿ ಕೇಳಿದವರಿಗೆ ‘ಸ್ವಂತ ಮನೆ’ ಎಂದಷ್ಟೇ ಹೇಳಿದ್ದೆ.

ಒಂದು ರಾತ್ರಿ ನಲ್ಲಿ ಮುಚ್ಚಿದ್ದರೂ ನೀರಿನ ಪಂಪು ಆಗಾಗ ಗುರ್ರೆನ್ನತೊಡಗಿತು. “ಎಲ್ಲೋ ಸೋರ್ತಿದೆ ಅಮ್ಮಾ” ಎಂದು ಮಗಳು ಸಿಂಕಿನ ಕೆಳಗೆ ತೂರಿದಳು. ನಮ್ಮೂರಲ್ಲಾದರೆ ನಲ್ಲಿಯವನಿಗೆ ಹೇಳಿಕಳಿಸಿ ಮೂರು ದಿನ ಕಾಯುತ್ತೇವೆ. ಇಲ್ಲಿ ಟ್ಯಾಂಕಿನಲ್ಲಿದ್ದಷ್ಟೇ ನೀರು. ಒದ್ದೆ ಚಾಪೆ ಹೊರಗೆಸೆಯಲು ನಾನು ಬಾಗಿಲು ತೆರೆದೆ ನೋಡಿ, ಬೆಕ್ಕು ಮಾಯ!

ಹೊರಗೆ ಕಯೋಟಿಗಳ ಕೂಗು. ವಿಮಾನ ಹತ್ತುವಾಗಲೂ ಅಳದ ಮಗಳು ಸ್ಪ್ಯಾನರ್ ಬಿಟ್ಟು ಅತ್ತಳು. ಗಂಟೆಗಟ್ಟಲೆ ಹುಡುಕಿದೆವು. ಕಡೆಗೆ ನಾಯಿಯೇ ಹಿಂದಿನ ಗಾಲಿ ಮೂಸುತ್ತ ನಿಂತಿತು. ಅದರ ಮರೆಯಲ್ಲಿ ಬೆಕ್ಕು ಮುದುಡಿ ಕೂತಿತ್ತು.

ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಮಗಳು ಟಾರ್ಚು ಹಿಡಿದಳು. ಸಡಿಲವಾಗಿದ್ದ ನಟ್ಟನ್ನು ನಾನೇ ಬಿಗಿಮಾಡಿದೆ. ಪಂಪು ಸುಮ್ಮನಾಯಿತು.