ಕೀಟಕಂಟಕ

ರೇಷ್ಮೆಯನ್ನು ಉಡುವವರು ಅನೇಕರು. ಹುಳು ಸಾಕುವವರ ಆತಂಕವನ್ನು ಬಲ್ಲವರು ಕೆಲವರು. ಸಂಜೆ ಸೊಪ್ಪನ್ನು ಸರಸರನೆ ಮೇಯುತ್ತಿದ್ದ ಹುಳುಗಳು ಬೆಳಗಾಗುವಷ್ಟರಲ್ಲಿ ತಟ್ಟೆಯಲ್ಲಿ ಮೆತ್ತಗಾಗಿ ಸತ್ತು ಬಿದ್ದಿದ್ದರೆ ಒಂದು ಸಂಸಾರದ ದುಡಿಮೆಯೇ ಮಣ್ಣುಪಾಲಾಯಿತೆಂದು ತಿಳಿಯಬೇಕು. ಇಂತಹ ಹಠಾತ್ ಮರಣವನ್ನು ಜಪಾನಿನಲ್ಲಿ ‘ಸೊತ್ತೊ’ ರೋಗವೆಂದು ಕರೆಯುತ್ತಿದ್ದರು. ಅದರ ಮೂಲವನ್ನು ಅರಸಿ ಹೊರಟ ಇಶಿವಾಟ ಎಂಬ ವಿಜ್ಞಾನಿಯು 1901ರಲ್ಲಿ ಸತ್ತ ಹುಳುಗಳ ಒಡಲಿನಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಅವರ ಪಾಲಿಗೆ ಅದು ಕೇವಲ ಶತ್ರು.

ಹತ್ತು ವರ್ಷಗಳ ತರುವಾಯ ಜರ್ಮನಿಯ ಬರ್ಲಿನರ್ ಎಂಬವರು ಅದೇ ಬಗೆಯ ಜೀವಿಯನ್ನು ಮತ್ತೊಂದು ಹುಳುವಿನಲ್ಲಿ ಕಂಡರು. ಅದು ಥುರಿಂಜಿಯ ಪ್ರಾಂತದ ಗಿರಣಿಯೊಂದರ ಹಿಟ್ಟನ್ನು ಹಾಳುಮಾಡುತ್ತಿದ್ದ ಪತಂಗದ ಮರಿಹುಳು. ಆ ಪ್ರಾಂತದ ಹೆಸರಿನಿಂದಲೇ ಬ್ಯಾಕ್ಟೀರಿಯಕ್ಕೆ 1915ರಲ್ಲಿ ‘ಬ್ಯಾಸಿಲಸ್ ಥುರಿಂಜಿಯೆನ್ಸಿಸ್’ ಎಂಬ ನಾಮಕರಣವಾಯಿತು. ಇಂದು ಅದನ್ನು ‘ಬಿ.ಟಿ.’ ಎಂದು ಚುಟುಕಾಗಿ ಕರೆಯುವುದು ವಾಡಿಕೆ. ರೇಷ್ಮೆಹುಳು ಸತ್ತರೆ ಮರುಗುವವರುಂಟು. ಹಿಟ್ಟಿನ ಹುಳು ಸತ್ತರೆ ಮರುಗುವವರಾರು? ಇದನ್ನು ನಾವೇ ಏಕೆ ಬಳಸಬಾರದೆಂಬ ಆಲೋಚನೆ ಮೊಳೆಯಿತು. 1938ರಲ್ಲಿ ಫ್ರಾನ್ಸಿನಲ್ಲಿ ಅದು ಕೀಟನಾಶಕವಾಗಿ ಮಾರುಕಟ್ಟೆಗೂ ಬಂದಿತು.

ಅದು ಕೊಲ್ಲುವ ಬಗೆ ಬಹು ವಿಚಿತ್ರವಾದುದು. ಆಹಾರ ಬತ್ತಿದಾಗ ಈ ಬ್ಯಾಕ್ಟೀರಿಯವು ತನ್ನೊಳಗೆ ಒಂದು ಗಟ್ಟಿ ಬೀಜಕವನ್ನೂ ಅದರ ಪಕ್ಕದಲ್ಲಿ ಪ್ರೋಟೀನಿನ ಒಂದು ಹರಳನ್ನೂ ರೂಪಿಸಿಕೊಳ್ಳುತ್ತದೆ. ಹರಳು ತಾನಾಗಿ ವಿಷವಲ್ಲ. ಎಲೆಯೊಡನೆ ಅದನ್ನು ನುಂಗಿದ ಕಂಬಳಿಹುಳುವಿನ ಕರುಳಿನಲ್ಲಿ ಕ್ಷಾರಗುಣದ ರಸವಿರುತ್ತದೆ. ಹರಳು ಕರಗುವುದು ಅಲ್ಲಿಯೇ. ಹುಳುವಿನ ಜೀರ್ಣರಸವೇ ಅದನ್ನು ಕತ್ತರಿಸಿ ವಿಷವನ್ನಾಗಿ ಮಾಡುತ್ತದೆ! ಆ ವಿಷವು ಬೀಗಕ್ಕೆ ಕೀಲಿಕೈ ಹೊಂದುವಂತೆ ಕರುಳಿನ ಗೋಡೆಗೆ ಅಂಟಿಕೊಂಡು ರಂಧ್ರಗಳನ್ನು ಕೊರೆಯುತ್ತದೆ. ಕೆಲವೇ ಗಂಟೆಗಳಲ್ಲಿ ಹುಳು ಮೇಯುವುದನ್ನು ನಿಲ್ಲಿಸುತ್ತದೆ. ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಮನುಷ್ಯನ ಜಠರದಲ್ಲಿರುವುದು ಆಮ್ಲ. ವಿಷವು ಅಂಟಿಕೊಳ್ಳಬೇಕಾದ ‘ಬೀಗ’ವೂ ಅವನ ಕರುಳಿನಲ್ಲಿ ಇಲ್ಲ.

1962ರಲ್ಲಿ ರೇಚಲ್ ಕಾರ್ಸನ್ ಅವರು ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಡಿ.ಡಿ.ಟಿ.ಯಂತಹ ರಾಸಾಯನಿಕ ವಿಷಗಳು ಹಕ್ಕಿ, ಮೀನುಗಳಿಗೆ ತಂದ ಕೇಡನ್ನು ಜಗತ್ತಿನ ಮುಂದಿಟ್ಟರು. ಅದೇ ಗ್ರಂಥದಲ್ಲಿ ಈ ಬ್ಯಾಕ್ಟೀರಿಯದ ಪ್ರಸ್ತಾಪವೂ ಇದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ದೊರೆತ ಇದರ ಮತ್ತೊಂದು ತಳಿಯು ಸೊಳ್ಳೆಯ ಮರಿಗಳನ್ನು ಕೊಲ್ಲುತ್ತದೆ. ಪಶ್ಚಿಮ ಆಫ್ರಿಕದ ನದಿಗಳಲ್ಲಿ ಹುಟ್ಟಿ, ಜನರನ್ನು ಕುರುಡಾಗಿಸುವ ರೋಗವನ್ನು ಹರಡುತ್ತಿದ್ದ ಕರಿನೊಣಗಳ ಮೇಲೆಯೂ ಆ ತಳಿಯನ್ನು ಪ್ರಯೋಗಿಸಲಾಯಿತು.

ಆದರೆ ಇದು ರಾಮಬಾಣವೇನೂ ಅಲ್ಲ. ಎಲೆಯ ಮೇಲೆ ಸಿಂಪಡಿಸಿದುದು ಬಿಸಿಲಿಗೆ ಬಹುಬೇಗ ಸತ್ತ್ವಹೀನವಾಗುತ್ತದೆ. ಕಾಂಡದೊಳಗೆ ಅಡಗಿ ಕುಳಿತ ಹುಳುವನ್ನು ಅದು ಮುಟ್ಟಲಾರದು. ಈ ಕೊರತೆಯನ್ನು ನೀಗಲು ವಿಜ್ಞಾನಿಗಳು ಹರಳಿನ ಪ್ರೋಟೀನನ್ನು ಗಿಡವೇ ತಯಾರಿಸಿಕೊಳ್ಳುವಂತೆ ಮಾಡಿದರು. ಅಂತಹ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಕಾಯಿಕೊರಕ ಹುಳುವಿನ ಹಾವಳಿ ಮೊದಲು ತಗ್ಗಿತು. ಹೊಲದ ಅಂಚಿನಲ್ಲಿ ಸಾಮಾನ್ಯ ಹತ್ತಿಯನ್ನೂ ಬೆಳೆಯಬೇಕು, ಇಲ್ಲವಾದರೆ ವಿಷಕ್ಕೆ ಒಗ್ಗಿದ ಹುಳುಗಳೇ ವಂಶವನ್ನು ಬೆಳೆಸಿಕೊಳ್ಳುತ್ತವೆ ಎಂದು ತಜ್ಞರು ಹೇಳಿದ್ದರು. ಆ ಮಾತಿಗೆ ಕಿವಿಗೊಟ್ಟವರು ಕಡಿಮೆ. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲ ಬಗೆಯ ಬಿ.ಟಿ. ಹತ್ತಿಯನ್ನು ತಿಂದೂ ಬದುಕುತ್ತಿದೆ ಎಂಬ ಸಂಗತಿ 2010ರಲ್ಲಿ ಬಹಿರಂಗವಾಯಿತು. ಕ್ಷುದ್ರಜೀವಿ ಎಂದು ಮನುಷ್ಯನು ಕಡೆಗಣಿಸಿದ ಹುಳು ಅವನಿಗಿಂತ ಬೇಗ ಪಾಠ ಕಲಿತಿತ್ತು.

ಇನ್ನೊಂದು ಇಕ್ಕಟ್ಟು ಕರ್ನಾಟಕದವರಿಗೆ ತೀರ ಹತ್ತಿರದ್ದು. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಎಲೆಕೋಸೂ ಬೆಳೆಯುತ್ತದೆ, ಹಿಪ್ಪುನೇರಳೆಯೂ ಬೆಳೆಯುತ್ತದೆ. ಎಲೆಕೋಸನ್ನು ತೂತುಮಾಡುವ ಹುಳುವೂ ರೇಷ್ಮೆಹುಳುವೂ ಪತಂಗದ ಮರಿಗಳೇ. ಒಂದನ್ನು ಕೊಲ್ಲುತ್ತಾರೆ, ಒಂದನ್ನು ಮಗುವಿನಂತೆ ಸಾಕುತ್ತಾರೆ. ಈ ಭೇದವು ಹರಳಿಗೆ ತಿಳಿಯದು. ಆದುದರಿಂದ ಎಲೆಕೋಸಿಗೆ ಬಿ.ಟಿ. ಸಿಂಪಡಿಸಲು ಹೊರಟ ರೈತನು ಮೊದಲು ಗಾಳಿ ಯಾವ ಕಡೆಗೆ ಬೀಸುತ್ತಿದೆ, ಪಕ್ಕದ ಹೊಲದಲ್ಲಿರುವುದು ಹಿಪ್ಪುನೇರಳೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ. ಅಲ್ಲಿಯ ಸೊಪ್ಪು ಸಂಜೆಗೆ ಯಾರದೋ ಮನೆಯ ರೇಷ್ಮೆಹುಳುವಿನ ತಟ್ಟೆಯನ್ನು ಸೇರುವಂಥದು.