ಗಾಡಿ ಯಾವುದು ತಗೋಬೇಕು?



ಹದಿನೈದು ದಿನದಿಂದ ನಮ್ಮ ಮನ್ಯಾಗ ಒಂದೇ ಮಾತು: ಗಾಡಿ ಯಾವುದು? ಮಗನಿಗೆ ಸನ್‌ರೂಫ್ ಬೇಕು. ಮನೆಯಾಕೆಗೆ ಕಂತಿನ ಚಿಂತೆ. ಸಂಗಾತಿಗಳದು ಒಂದೇ ಹಟ: "ಅಣ್ಣಾರ, ಬೊಲೆರೊ ನಿಯೋ ತಗೋರಿ. ಏಳು ಮಂದಿ ಕೂಡ್ತಾರ, ಹುನಗುಂದದ ಎರಿ ದಾರ್ಯಾಗೂ ಹೋಗ್ತೈತಿ."

ಅವರ ಮಾತು ಸುಳ್ಳಲ್ಲ. ದೌರ್ಜನ್ಯದ ಕೇಸಾದಾಗ ಬಾದಾಮಿ ಕಡೆಯವರನ್ನೋ ಇಳಕಲ್ ಕಡೆಯವರನ್ನೋ ಬಾಗಲಕೋಟೆಗೆ ಕರ್ಕೊಂಡು ಬರಬೇಕು. ನೊಂದಾಕೆ, ಅವಳ ಅವ್ವ, ಅಣ್ಣ, ಇಬ್ಬರು ಸಾಕ್ಷಿ. ಐದು ಸೀಟಿನ ಲೆಕ್ಕ ಅಲ್ಲೇ ತಪ್ತದ.

ಒಮ್ಮೆ ಬಾಡಿಗೆ ಕ್ರೂಸರ್ ಹೇಳಿದ್ವಿ. ಯಾವ ಓಣಿಯವರು, ಯಾರ ಮ್ಯಾಲಿನ ಕೇಸು ಅಂತ ಗೊತ್ತಾದ ಕೂಡ್ಲೇ ಡ್ರೈವರ್ "ಗಾಡಿ ಕೆಟ್ಟೈತ್ರಿ" ಅಂದ. ಬಸ್ಸಿಗೆ ಬಂದ್ರು. ಎದುರು ಪಾರ್ಟಿಯವರೂ ಅದೇ ಬಸ್ಸಿನಾಗ. "ದಾರಿ ಮುಗಿಯೂತನಕ ತಲಿ ಎತ್ತಲಿಲ್ಲೋ ಯಪ್ಪಾ" ಅಂದಳು ಆ ತಾಯಿ. ಸ್ವಂತ ಗಾಡಿ ಬೇಕು ಅನ್ನಿಸಿದ್ದು ಅವತ್ತೇ.

ಆದ್ರೆ ಸೀಟು ಎಣಿಸುವಾಗೆಲ್ಲ ನನಗೆ ಚಾಳೀಸಗಾಂವ್ ನೆನಪಾಗ್ತದ. 1929. ಮುಂಬೈ ಸರ್ಕಾರದ ಸಮಿತಿಯ ಸದಸ್ಯರಾಗಿದ್ದ ಬಾಬಾಸಾಹೇಬರನ್ನು ಕೂಡಿಸಿಕೊಂಡು ಹೋಗಲು ಟಾಂಗಾದವರು ಒಪ್ಪಲಿಲ್ಲ. ಕಡೆಗೆ ಟಾಂಗಾ ಸಿಕ್ಕಿತು, ಹೊಡೆಯುವವನು ಸಿಗಲಿಲ್ಲ. ಎಂದೂ ಟಾಂಗಾ ಹೊಡೆಯದ ನಮ್ಮವನೊಬ್ಬ ಲಗಾಮು ಹಿಡಿದ. ಮೋರಿ ಮೇಲೆ ಗಾಲಿ ಸಿಕ್ಕಿ ಬಾಬಾಸಾಹೇಬರು ಬಿದ್ದರು, ಕಾಲು ಮುರಿಯಿತು. ನನ್ನ ಮರ್ಯಾದೆ ಉಳಿಸಲು ಹೋಗಿ ನಮ್ಮವರು ನನ್ನ ಜೀವವನ್ನೇ ಅಪಾಯಕ್ಕೆ ಒಡ್ಡಿದರು ಎಂಬ ಅರ್ಥದಲ್ಲಿ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ.

ಈಗ ಗಾಡಿ ನೋಡ್ರಿ. ನಿಯೋಗೆ 2024ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸಿಕ್ಕಿದ್ದು 1 ಸ್ಟಾರ್. ಹಿಂದಿನ ಎರಡು ಸೀಟು ಎದುರುಬದುರು, ಅಡ್ಡ. ಟಾಟಾ ನೆಕ್ಸಾನ್ 2018ರಲ್ಲೇ ಅದೇ ಸಂಸ್ಥೆಯಿಂದ 5 ಸ್ಟಾರ್ ಪಡೆದ ಮೊದಲ ಭಾರತೀಯ ಕಾರು. ನೆಲದಿಂದ 208 ಮಿ.ಮೀ. ಎತ್ತರ, ನಮ್ಮ ಹಳ್ಳಿ ದಾರಿಗೆ ಸಾಕು. ಎರಡೂ 4 ಮೀಟರ್ ಒಳಗಿನವು, 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಜಿಎಸ್‌ಟಿ 18 ಪರ್ಸೆಂಟ್. ಅಂದ್ರೆ ತೆರಿಗೆ ನೆಪ ಹೇಳಂಗಿಲ್ಲ. ನಾ ಐದು ಸೀಟಿನದನ್ನೇ ತಗೋತೀನಿ.

ಉಳಿದವರು ಹೆಂಗ ಬರ್ತಾರ ಅಂತೀರಾ? ದೌರ್ಜನ್ಯ ತಡೆ ನಿಯಮ 1995, ನಿಯಮ 11 ಓದ್ರಿ. ನೊಂದವರಿಗೆ, ಅವರ ಅವಲಂಬಿತರಿಗೆ, ಸಾಕ್ಷಿಗಳಿಗೆ ತನಿಖೆ ಮತ್ತು ವಿಚಾರಣೆಗೆ ಹೋಗಿಬರುವ ಖರ್ಚು ಕೊಡಬೇಕು, ವಾಹನದ ವ್ಯವಸ್ಥೆ ಮಾಡಬೇಕಾದ್ದು ಜಿಲ್ಲಾಡಳಿತ. ಇಷ್ಟು ವರ್ಷ ನಾವು ಕೈಯಿಂದ ಡೀಸೆಲ್ ಹಾಕಿಸಿ ಸುಮ್ಮನಾದ್ವಿ. ಅದು ಸೇವೆ ಅಲ್ಲ, ಸರ್ಕಾರದ ಹೊಣೆ ಇಳಿಸಿಕೊಟ್ಟಂಗ. ಇನ್ನು ಮುಂದೆ ಪ್ರತಿ ಕೇಸಿಗೂ ಅರ್ಜಿ ಹಾಕೋಣ.

ಇನ್ನೊಂದು ಕೆಲಸ ಐತಿ. ನಮ್ಮ ಓಣಿಯ ಹುಡುಗರು, ಹುಡುಗಿಯರು ಚಂದಂಗ ಡ್ರೈವಿಂಗ್ ಕಲೀಬೇಕು, ಲೈಸೆನ್ಸ್ ತಗೀಬೇಕು. ಸ್ಟೇರಿಂಗ್ ನಮ್ಮ ಕೈಯಾಗಿದ್ರೆ ಸಾಲದು, ಕೈ ಪಳಗಿರಬೇಕು.

ಮುಂದಿನ ತಾರೀಖಿಗೆ ಆ ತಾಯಿ ಮುಂದಿನ ಸೀಟಿನಾಗ ಬೆಲ್ಟ್ ಹಾಕ್ಕೊಂಡು, ತಲಿ ಎತ್ತಿ ಬಾಗಲಕೋಟೆಗೆ ಬರಬೇಕು. ಸನ್‌ರೂಫ್ ವಿಷಯ ಮಗನ ಹತ್ರ ಆಮೇಲೆ ಮಾತಾಡ್ತೀನಿ.