ಆಗಬೋಟಿನಲ್ಲಿ ಮೂರು ರಾತ್ರಿ

ನಾಸಿಕ ಜಿಲ್ಲೆಯ ದಿಂಡೋರಿ ಕಡಲನ್ನು ಕಾಣದ ಊರು. ನಾಸಿಕದಿಂದ ವಣಿಯ ದಾರಿ ಹಿಡಿದು ಉತ್ತರಕ್ಕೆ ಸುಮಾರು 25 ಕಿಲೋಮೀಟರು ಬಂದರೆ, ದ್ರಾಕ್ಷಿಯ ಚಪ್ಪರಗಳ ನಡುವೆ ಈ ತಾಲ್ಲೂಕಿನ ಊರು ಸಿಗುತ್ತದೆ. ಇನ್ನೂ ಮುಂದೆ ಹೋದರೆ ಸಪ್ತಶೃಂಗಿ ದೇವಿಯ ಬೆಟ್ಟ. ಕಾದವಾ ನದಿಗೆ ಕಟ್ಟಿದ ಕರಂಜವಣ, ಪಾಲಖೇಡ ಅಣೆಕಟ್ಟುಗಳೇ ಇಲ್ಲಿಯ ಜನರಿಗೆ ಸಮುದ್ರ. ಆದರೆ ಇಲ್ಲಿಯ ದ್ರಾಕ್ಷಿಗೆ ಮಾತ್ರ ಕಡಲಿನ ಪರಿಚಯ ಚೆನ್ನಾಗಿದೆ. ವರ್ಷವರ್ಷವೂ ಸುಗ್ಗಿಯ ಕಾಲದಲ್ಲಿ ಅದು ತಣ್ಣನೆಯ ಕಂಟೇನರುಗಳಲ್ಲಿ ಕುಳಿತು, ಕಸಾರಾ ಘಾಟು ಇಳಿದು, ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಹತ್ತಿ ಯುರೋಪಿಗೆ ಹೋಗುತ್ತದೆ. 2024ರಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಾಗ ನಮ್ಮ ದ್ರಾಕ್ಷಿ ಆಫ್ರಿಕ ಖಂಡವನ್ನೇ ಸುತ್ತಿಕೊಂಡು ಹೋಗಬೇಕಾಯಿತು!

ದ್ರಾಕ್ಷಿಯನ್ನು ತಣ್ಣಗೆ ಕಾಯ್ದಿಡುವ ಕೆಲಸವೇ ನಮ್ಮವರ ಉದ್ಯೋಗ. ಅದಕ್ಕಾಗಿ ಕಾರವಾರದ ಕಡೆಯವರಾದ ನಾವು ಈ ಊರಿಗೆ ಬಂದು ಹನ್ನೆರಡು ವರ್ಷಗಳಾದವು. 2023ರ ದೀಪಾವಳಿಯ ರಜೆ ಸಮೀಪಿಸಿದಾಗ ಮಗಳು, "ಹಣ್ಣಿಗೆ ಇರುವ ಭಾಗ್ಯ ನಮಗೇಕಿಲ್ಲ ಅಪ್ಪಾ? ನಾವೂ ಒಮ್ಮೆ ಹಡಗು ಹತ್ತೋಣ" ಎಂದು ಹಟ ಹಿಡಿದಳು. ಮುಂಬಯಿಯಿಂದ ಗೋವೆಗೆ ಹೋಗಿ ಬರುವ ಮೂರು ರಾತ್ರಿಯ ವಿಹಾರ ನಿಶ್ಚಯವಾದದ್ದು ಹೀಗೆ.

ನಾವು ಹತ್ತಿದ ಹಡಗಿನ ಪೂರ್ವವೃತ್ತಾಂತವನ್ನು ಮೊದಲು ಹೇಳಬೇಕು. 'ಎಂಪ್ರೆಸ್' ಎಂಬ ಈ ಹಡಗು ಫ್ರಾನ್ಸಿನ ಸೇಂಟ್ ನಜೇರ್ ಎಂಬಲ್ಲಿ ಕಟ್ಟಲ್ಪಟ್ಟು 1990ರಲ್ಲಿ ನೀರಿಗೆ ಬಂದುದು. ಉದ್ದ 211 ಮೀಟರು; ಒಳಗೆ ಸುಮಾರು ಎಂಟುನೂರು ಕೋಣೆಗಳು. ಆಗ ಅದರ ಹೆಸರು 'ನಾರ್ಡಿಕ್ ಎಂಪ್ರೆಸ್'. ಅಮೆರಿಕದ ಮಯಾಮಿಯಿಂದ ಬಹಾಮಾ ದ್ವೀಪಗಳಿಗೆ ಮೂರು ನಾಲ್ಕು ದಿನಗಳ ವಿಹಾರಕ್ಕೆ ಜನರನ್ನು ಕರೆದೊಯ್ಯುತ್ತಿತ್ತು. 2017ರಿಂದ 2019ರವರೆಗೆ ಕ್ಯೂಬಾದ ಹವಾನಾಕ್ಕೂ ಹೋಗಿಬಂದಿತು. 2020ರ ಕೊನೆಯಲ್ಲಿ ಮಾರಾಟವಾಗಿ, 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಎಂಬ ಸಂಸ್ಥೆಯ ಹೆಸರಿನಲ್ಲಿ ಮುಂಬಯಿಯಿಂದ ಹೊರಡತೊಡಗಿತು. ಅಂದರೆ ಮೂವತ್ತು ವರ್ಷ ಕ್ಯಾರಿಬಿಯನ್ ಮೊದಲಾದ ಪರದೇಶದ ಕಡಲುಗಳಲ್ಲಿ ಬಾಳ್ವೆ ಮಾಡಿದ ಸೊಸೆ, ಈಗ ನಮ್ಮ ಅರಬೀ ಸಮುದ್ರದ ಮನೆ ತುಂಬಿದ್ದಾಳೆ!

ಆ ದ್ವೀಪಗಳಿಗೂ ನಮಗೂ ಹಡಗಿನ ನಂಟು ಹೊಸದಲ್ಲ. 1845ರ ಫೆಬ್ರವರಿಯಲ್ಲಿ ಕಲಕತ್ತೆ ಬಿಟ್ಟ 'ಫತೇಲ್ ರಜಾಕ್' ಎಂಬ ಹಾಯಿಹಡಗು, ಇನ್ನೂರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಹೊತ್ತು ಮೇ 30ರಂದು ಟ್ರಿನಿಡಾಡನ್ನು ಮುಟ್ಟಿತು. ಮೂರು ತಿಂಗಳಿಗೂ ಮೀರಿದ ಪಯಣ. ಕಬ್ಬಿನ ತೋಟದ ದುಡಿಮೆಗೆ ಕರಾರು ಬರೆದುಕೊಟ್ಟು ಹೋದ ಅಂಥವರಲ್ಲಿ ಬಹು ಮಂದಿ ಮರಳಿ ತಾಯ್ನಾಡು ಕಾಣಲಿಲ್ಲ. ಒಬ್ಬರಿಗೆ ವಿಹಾರವಾದ ನೀರು ಇನ್ನೊಬ್ಬರಿಗೆ ಅಗಲಿಕೆ. ಈ ಮಾತು ನಮ್ಮ ಮನೆಗೂ ಸಲ್ಲುತ್ತದೆ. ಏಕೆಂದರೆ ಈ ಪ್ರವಾಸದ ಸುದ್ದಿ ಕೇಳಿ ನಮ್ಮ ಅತ್ತೆಯವರು ಎರಡು ದಿನ ಮಾತನ್ನೇ ಆಡಲಿಲ್ಲ.

ಅತ್ತೆಯವರಿಗೆ ಆಗ ಎಂಬತ್ತೊಂದು. ಅವರ ತವರು ಕಾರವಾರದ ಹತ್ತಿರದ ಹಳ್ಳಿ. ಅವರ ತಂದೆ ಮುಂಬಯಿಯ ಗಿರಗಾಂವದ ಒಂದು ಖಾನಾವಳಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದಿಗೂ ದುಡಿಮೆಗೂ ಮುಂಬಯಿಯೇ ದಿಕ್ಕು, ಹೋಗಲು ಆಗಬೋಟೇ ದಾರಿ. ಆಗಬೋಟು ದಂಡೆಯಿಂದ ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಜನರು ದೋಣಿಗಳಲ್ಲಿ ಹೋಗಿ ಏಣಿ ಹಿಡಿದು ಹತ್ತಬೇಕು. ಮಳೆಗಾಲ ಬಂತೆಂದರೆ ಈ ಸಂಚಾರವೆಲ್ಲ ನಿಂತೇಹೋಗುತ್ತಿತ್ತು. ಸೆಪ್ಟೆಂಬರಿನ ಹೊತ್ತಿಗೆ ಕಡಲು ತಣ್ಣಗಾಗುವವರೆಗೆ ಮುಂಬಯಿಯಲ್ಲಿದ್ದವರು ಮುಂಬಯಿಯಲ್ಲೇ, ಊರಿನಲ್ಲಿದ್ದವರು ಊರಿನಲ್ಲೇ.

1947ರ ಜುಲೈ 17ರಂದು ಮುಂಬಯಿಯ ಭಾವುಚಾ ಧಕ್ಕೆಯಿಂದ ರೇವಸಕ್ಕೆ ಹೊರಟ 'ರಾಮದಾಸ' ಎಂಬ ಆಗಬೋಟು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಆರುನೂರಕ್ಕೂ ಹೆಚ್ಚು ಜನ ನೀರುಪಾಲಾದರು. ಅದು ಕಾರವಾರದ ದಾರಿಯ ಬೋಟಲ್ಲ. ಆದರೂ ಊರಿಗೆ ತಲುಪಿದ ಸುದ್ದಿ 'ಆಗಬೋಟು ಮುಳುಗಿತು' ಎಂದಷ್ಟೇ. ತಂದೆಯ ಕೈಬರಹದ ಕಾರ್ಡು ಬರುವವರೆಗೆ, ಒಂಬತ್ತು ದಿನ, ಆ ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲವಂತೆ.

ಕಡಲು ಉಳಿಸಿಕೊಟ್ಟ ಆ ತಂದೆ 1950ರ ಜುಲೈಯಲ್ಲಿ ಗಿರಗಾಂವದ ಬಿಡಾರದಲ್ಲಿ ಜ್ವರ ಬಂದು ತೀರಿಕೊಂಡರು. ತಾರು ಬಂದಾಗ ಧೋಗುಟ್ಟುವ ಮಳೆ, ಆಗಬೋಟಿಲ್ಲ. ಅತ್ತೆಯವರ ತಾಯಿ ಮತ್ತು ಸೋದರಮಾವ ಅರಬೈಲು ಘಾಟು ಹತ್ತಿ, ಹುಬ್ಬಳ್ಳಿಯಲ್ಲಿ ರೈಲು ಹಿಡಿದು, ಪುಣೆಯಲ್ಲಿ ಗಾಡಿ ಬದಲಿಸಿ, ಮುಂಬಯಿ ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಎಂಟು ವರ್ಷದ ಮಗಳಿಗೆ ಉಳಿದದ್ದು ಒಂದೇ ನೆನಪು: ದೋಣಿಯಲ್ಲಿ ನಿಂತು ಕೊಡೆ ಎತ್ತಿ ತೋರಿಸುತ್ತ ದೂರವಾದ ಅಪ್ಪ. ಅಂದಿನಿಂದ ಅವರು ಸಮುದ್ರದ ದಂಡೆಯಲ್ಲಿ ಬೆಳೆದರೂ ಹಡಗಿನ ಮಾತೆತ್ತಿದವರಲ್ಲ.

ಆದ್ದರಿಂದ ನಮ್ಮವರು, "ಆಯಿ, ನಿನಗೆ ಬೇಡವಾದರೆ ಯಾರೂ ಹೋಗುವುದಿಲ್ಲ" ಎಂದುಬಿಟ್ಟರು. ಮೂರನೆಯ ದಿನ ಅತ್ತೆಯವರು ದೇವರ ಮುಂದೆ ದೀಪ ಹಚ್ಚಿ ಬಂದು ಕುಳಿತು, ನನ್ನನ್ನು ಕರೆದರು.

"ತಂಗೀ, ಈ ಹಡಗು ಮುಂಬಯಿಗೆ ತಿರುಗಿ ಬರುವುದು ಕಡಲಿನ ಮೇಲಿಂದಲೇ ಹೌದೋ?"

"ಹೌದು ಅತ್ತೆ."

"ಹಾಗಾದರೆ ನಾನೂ ಬರ್ತೆ. ಅಪ್ಪ ಮುಂಬಯಿಯನ್ನು ಹೇಗೆ ಕಂಡನೋ, ಒಂದು ಸಲ ನೋಡಿಬಿಡಬೇಕು."

ವೈದ್ಯರನ್ನು ಕೇಳಿದೆವು. ರಕ್ತದೊತ್ತಡದ ಗುಳಿಗೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಹೊಟ್ಟೆ ತೊಳಸದಂತೆ ಹೊರಡುವ ಮುಂಚೆಯೇ ಒಂದು ಗುಳಿಗೆ ಕೊಡಿ ಎಂದು ಹೇಳಿ ಅವರು ಅನುಮತಿಯಿತ್ತರು.

ಬೆಳಗಿನ ಜಾವ ದಿಂಡೋರಿ ಬಿಟ್ಟು, ಕಸಾರಾ ಘಾಟು ಇಳಿದು, ಮಧ್ಯಾಹ್ನದ ಹೊತ್ತಿಗೆ ಮುಂಬಯಿಯ ಬಲ್ಲಾರ್ಡ್ ಪಿಯರ್ ತಲುಪಿದೆವು. ವಿಮಾನ ನಿಲ್ದಾಣದಂತೆಯೇ ಇಲ್ಲಿಯೂ ಗುರುತಿನ ಚೀಟಿ, ಸಾಮಾನುಗಳ ತಪಾಸಣೆ. ಮುಂದೆ ಹಡಗೆಂಬುದು ಕಾಣಲಿಲ್ಲ. ಕಿಟಕಿಗಳುಳ್ಳ ಬಿಳಿಯ ಬಹುಮಹಡಿ ಕಟ್ಟಡವೊಂದು ನಿಂತಿತ್ತು. ಅತ್ತೆಯವರು ಏಣಿಯನ್ನು ಹುಡುಕುತ್ತಿದ್ದರು. ಏಣಿಯೂ ಇಲ್ಲ, ದೋಣಿಯೂ ಇಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ಸಮತಟ್ಟಾದ ಸೇತುವೆಯ ಮೇಲಿಂದ ಒಳಗೆ ಹೋದರು!

ಒಳಗಿನ ವೈಭವವನ್ನು ಎಷ್ಟೆಂದು ವರ್ಣಿಸಲಿ? ಮಹಡಿಯಿಂದ ಮಹಡಿಗೆ ಲಿಫ್ಟುಗಳು, ಈಜುಕೊಳ, ನಾಟಕಶಾಲೆ, ಅಂಗಡಿಗಳು. ಜೂಜಿನ ಕೋಣೆಯೂ ಒಂದಿದೆ. ನಮ್ಮವರು ಮಗಳ ಕೈ ಹಿಡಿದು ಅದರ ಮುಂದೆ ತುಸು ಬಿರುಸಾಗಿಯೇ ನಡೆದರು. ಸಸ್ಯಾಹಾರಿಗಳಿಗೂ ಜೈನರಿಗೂ ಬೇರೆ ಅಡಿಗೆ ದೊರೆಯುವುದರಿಂದ ಊಟದ ಚಿಂತೆಯಿರಲಿಲ್ಲ. ಹಡಗು ಹೊರಡುವ ಮುನ್ನ ಎಲ್ಲರನ್ನೂ ಸೇರಿಸಿ, ಅಪಾಯದ ಗಂಟೆ ಬಾರಿಸಿದರೆ ಎಲ್ಲಿ ನಿಲ್ಲಬೇಕು, ತೇಲುವ ಅಂಗಿಯನ್ನು ಹೇಗೆ ತೊಡಬೇಕು ಎಂಬುದನ್ನು ಕಲಿಸಿದರು. ಹುಡುಗರು ನಗುತ್ತಿದ್ದರು, ಅತ್ತೆಯವರು ಮಾತ್ರ ಎರಡು ಸಲ ಹೇಳಿಸಿಕೊಂಡು, ಆ ಅಂಗಿಯ ಪಟ್ಟಿಯನ್ನು ತಾವೇ ಬಿಗಿದು ನೋಡಿದರು. "ರಾಮದಾಸದಲ್ಲಿ ಇದನ್ನು ಯಾರಾದರೂ ಹೇಳಿಕೊಟ್ಟಿದ್ದರೋ ಇಲ್ಲವೋ" ಎಂದು ಅವರು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು.

ಸಂಜೆ ಹಡಗು ಬಂದರು ಬಿಟ್ಟಿತು. ಕೊಲಾಬಾದ ತುದಿಯ ಪ್ರಾಂಗ್ಸ್ ದೀಪಸ್ತಂಭ ಹಿಂದೆ ಸರಿಯಿತು. ಎಡಕ್ಕೆ ಖಾಂದೇರಿ ದ್ವೀಪದ ದೀಪ ಮಿನುಗಿತು. ಕತ್ತಲಾದ ಮೇಲೆ ಮೊಬೈಲುಗಳು ಒಂದೊಂದಾಗಿ ಮೂಕವಾದವು. ಹೊಟ್ಟೆ ತೊಳಸಿದ್ದು ಹದಿನಾಲ್ಕು ವರ್ಷದ ಮಗಳಿಗೆ. ಅತ್ತೆಯವರು ಅವಳಿಗೆ ಶುಂಠಿಯ ಚೂರು ಕೊಟ್ಟು, ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತ ಕುಳಿತರು. ಅಲೆಗೆ ಹಡಗು ಹೆಚ್ಚು ಹೊಯ್ದಾಡದಂತೆ ನೀರಿನೊಳಗೆ ಇಕ್ಕೆಲಗಳಲ್ಲಿ ಮೀನಿನ ಈಜುರೆಕ್ಕೆಯಂಥ ಹಲಗೆಗಳಿರುತ್ತವೆಂದು ನಮ್ಮವರು ವಿವರಿಸಿದರು. "ಆಗಿನ ಆಗಬೋಟಿಗೆ ರೆಕ್ಕೆ ಎಲ್ಲಿಂದ ಬರಬೇಕು ಮಗಾ? ಡೆಕ್ಕಿನ ಮೇಲೆ ಚಾಪೆ ಹಾಸಿ, ಹತ್ತಿರ ಒಂದು ತಂಬಿಗೆ ನೀರಿಟ್ಟುಕೊಂಡು ಮಲಗುವುದು. ಅಪ್ಪ ಹೇಳುತ್ತಿದ್ದ" ಎಂದರು ಅತ್ತೆಯವರು. ಎಪ್ಪತ್ತು ವರ್ಷಗಳ ತರುವಾಯ ಅಂದು ರಾತ್ರಿ ಅವರು ತಂದೆಯ ಮಾತುಗಳನ್ನು ಒಂದೊಂದಾಗಿ ಹೊರತೆಗೆದರು. ಇಪ್ಪತ್ತು ವರ್ಷ ಅವರೊಡನೆ ಬಾಳಿದ ನಾನು ಅವನ್ನು ಕೇಳಿದ್ದು ಅಂದೇ ಮೊದಲು.

ಮರುದಿನ ಹಡಗು ಗೋವೆಯ ಮುರ್ಮುಗೋವಾ ಬಂದರಿನಲ್ಲಿ ನಿಂತಿತು. ಅತ್ತೆಯವರಿಗೆ ಕಡಲಿಗೊಂದು ತೆಂಗಿನಕಾಯಿ ಅರ್ಪಿಸುವ ಆಸೆ. ನಮ್ಮ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹುಡುಗ ಮರಾಠಿಯಲ್ಲಿ ಬಹು ವಿನಯದಿಂದ, "ಆಜೀ, ಹಡಗಿನಿಂದ ನೀರಿಗೆ ಏನನ್ನೂ ಎಸೆಯುವಂತಿಲ್ಲ" ಎಂದು ತಿಳಿಸಿದ. ಹಡಗುಗಳಿಂದ ಕಡಲು ಹೊಲಸಾಗದಿರಲೆಂದು 1973ರಲ್ಲಿಯೇ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡಿವೆ. ಆದ್ದರಿಂದ ನಾವು ಟ್ಯಾಕ್ಸಿ ಮಾಡಿ ಹತ್ತಿರದ ಬೊಗಮಾಳೊ ದಂಡೆಗೆ ಹೋದೆವು. ಉಳಿದವರು ಹಳೆಯ ಗೋವೆಯ ಇಗರ್ಜಿಗಳನ್ನು ನೋಡಲು ಹೋದ ಹೊತ್ತಿನಲ್ಲಿ, ಅತ್ತೆಯವರು ಸೊಸೆಯ ಹೆಗಲು ಹಿಡಿದು ಪಾದ ತೊಯ್ಯುವಷ್ಟು ನೀರಿಗಿಳಿದು, ಕಾರವಾರವಿರುವ ದಕ್ಷಿಣ ದಿಕ್ಕಿಗೆ ಮುಖ ಮಾಡಿ ನಿಂತು ಕಾಯಿಯನ್ನು ಬಿಟ್ಟರು. ಅಲೆ ಅದನ್ನು ಎರಡು ಸಲ ಹಿಂದಕ್ಕೆ ತಂದುಹಾಕಿತು. "ಹಟಮಾರಿ" ಎಂದು ಬೈದು ಮೂರನೆಯ ಸಲ ಬಿಟ್ಟರು, ಅದು ಹೋಯಿತು.

ಆಮೇಲಿನ ಒಂದು ಹಗಲು ಪೂರ್ತಿ ನೀರೇ ನೀರು. ಡೆಕ್ಕಿನ ಮೇಲೆ ಗುಜರಾತಿ ಹೆಂಗಸರೊಡನೆ ಅತ್ತೆಯವರ ಸ್ನೇಹ ಬೆಳೆಯಿತು. ಅವರಿಗೆ ಕನ್ನಡ ಬಾರದು, ಇವರಿಗೆ ಗುಜರಾತಿ ಬಾರದು; ಆದರೂ ಮೊಣಕಾಲು ನೋವಿನ ಔಷಧಗಳ ವಿನಿಮಯಕ್ಕೆ ಯಾವ ಅಡ್ಡಿಯೂ ಆಗಲಿಲ್ಲ!

ನಾಲ್ಕನೆಯ ದಿನ ನಸುಕಿನಲ್ಲಿ ಅತ್ತೆಯವರು ಎಲ್ಲರಿಗಿಂತ ಮೊದಲೇ ಎದ್ದು, ಶಾಲು ಹೊದ್ದು ಸಿದ್ಧರಾಗಿದ್ದರು. ಮೇಲಿನ ಡೆಕ್ಕಿಗೆ ಹೋದೆವು. ಮೊದಲು ಮಂಜಿನಲ್ಲಿ ಒಂದು ದೀಪ, ಆಮೇಲೆ ನೂರು, ಮೆಲ್ಲಗೆ ಕಟ್ಟಡಗಳ ಸಾಲು ನೀರಿನಿಂದ ಎದ್ದು ಬಂದಂತೆ ಮುಂಬಯಿ ಕಾಣಿಸಿತು. ಎತ್ತರದ ಗೋಪುರಗಳೆಲ್ಲ ಈಚಿನವು. ನಮ್ಮವರು ಗೇಟ್‌ವೇ ಆಫ್ ಇಂಡಿಯಾವನ್ನೂ ಅದರ ಹಿಂದಿನ ತಾಜ್ ಹೋಟೆಲಿನ ಗುಮ್ಮಟವನ್ನೂ ತೋರಿಸಿ, "ಆಯಿ, ಇವೆರಡೂ ಆಗಲೂ ಇದ್ದವು. ಅಜ್ಜ ಇವನ್ನು ಕಂಡಿರಬೇಕು" ಎಂದರು.

ಅತ್ತೆಯವರು ಬಹಳ ಹೊತ್ತು ನೋಡಿದರು. "ಚಂದವೇ ಇದೆ" ಎಂದರು. "ಇಷ್ಟು ಚಂದದ ಊರಿಗೆ ಬರುತ್ತಿದ್ದ ಅಂತ ಗೊತ್ತಿರಲಿಲ್ಲ. ನಾನು ಬರೀ ಮಳೆಯಲ್ಲೇ ಅವನನ್ನು ನೆನೆಸಿಕೊಳ್ಳುತ್ತಿದ್ದೆ."

ಇಳಿದ ಮೇಲೆ ಅವರ ಇಚ್ಛೆಯಂತೆ, ಕೊಂಕಣದ ಆಗಬೋಟುಗಳು ಬಹುಕಾಲ ಬಂದು ನಿಲ್ಲುತ್ತಿದ್ದ ಭಾವುಚಾ ಧಕ್ಕೆಗೂ ಹೋದೆವು. ಈಗಲೂ ಅಲ್ಲಿಂದ ರೇವಸಕ್ಕೆ ಲಾಂಚು ಹೊರಡುತ್ತದೆ. 2020ರಿಂದ ಮಾಂಡವಾಕ್ಕೆ ಮೋಟಾರುಗಳನ್ನೂ ಹೊತ್ತೊಯ್ಯುವ ದೊಡ್ಡ ನೌಕೆ ಬಂದಿದೆ. ಮೀನಿನ ಬುಟ್ಟಿಗಳ ಗದ್ದಲದ ನಡುವೆ ಐದು ನಿಮಿಷ ನಿಂತು, "ನಡೆಯಿರಿ, ಮನೆಗೆ ಹೋಗೋಣ" ಎಂದವರು ಅವರೇ.

ಹಿರಿಯರೊಡನೆ ಇಂಥ ಪ್ರವಾಸ ಹೊರಡುವ ಭಗಿನಿಯರಿಗೆ ನಾಲ್ಕು ಮಾತು. ಕಿಟಕಿಯಿಲ್ಲದ ಒಳಕೋಣೆ ಅಗ್ಗವೆಂದು ಆಸೆಪಡಬೇಡಿ. ಮುದುಕರಿಗೆ ಹಗಲು ರಾತ್ರಿ ತಿಳಿಯದೆ ಗಾಬರಿಯಾಗುತ್ತದೆ. ಲಿಫ್ಟಿಗೆ ಹತ್ತಿರದ ಕೋಣೆ ಕೇಳಿರಿ. ಗಾಲಿಕುರ್ಚಿ ಬೇಕೆಂಬುದನ್ನು ಟಿಕೆಟ್ಟು ತೆಗೆಸುವಾಗಲೇ ತಿಳಿಸಿರಿ. ಗುಳಿಗೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ. ಪೆಟ್ಟಿಗೆ ಬೇರೆಯಾಗಿ ಸಾಗಿ, ತಡವಾಗಿ ಕೋಣೆ ಸೇರುತ್ತದೆ. ಋತುವನ್ನು ನೋಡಿಕೊಂಡು ಹೊರಡಿ. 2022ರ ಮಳೆಗಾಲದಲ್ಲಿ ಈ ದೊಡ್ಡ ಹಡಗು ಕೂಡ ಪಶ್ಚಿಮದ ಕಡಲು ಬಿಟ್ಟು ಚೆನ್ನೈಯಿಂದ ಸಂಚರಿಸಿತ್ತು. ಹಡಗು ಎಷ್ಟು ದೊಡ್ಡದಾದರೂ ಜೂನ್ ತಿಂಗಳ ಅರಬೀ ಸಮುದ್ರಕ್ಕೆ ತಲೆಬಾಗಬೇಕು.

ದಿಂಡೋರಿಗೆ ಮರಳಿದಾಗ ದ್ರಾಕ್ಷಿಯ ಬಳ್ಳಿಗಳಲ್ಲಿ ಸಾಸಿವೆಯಷ್ಟು ಕಾಯಿ ಕಟ್ಟಿತ್ತು. ಮುಂದಿನ ಜುಲೈಯಲ್ಲಿ, ತಂದೆಯ ಶ್ರಾದ್ಧದ ದಿನ, ಅತ್ತೆಯವರು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗಬೋಟಿನ ಕಥೆಯನ್ನು ಮೊದಲಿನಿಂದ ಹೇಳಿದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಈ ಸಲ ಕಥೆ ತಾರಿನಿಂದ ಆರಂಭವಾಗಲಿಲ್ಲ. ನಸುಕಿನಲ್ಲಿ ದೀಪಗಳ ಊರೊಂದು ಕಾಣುವುದರಿಂದ ಆರಂಭವಾಯಿತು.